ಮುಂದಿನ ಬ್ರೇಕು

ಫೆಬ್ರವರಿ ೯

ತಮ್ಮಾ,

ಫೋನ್ ಮಾಡಬಹುದಿತ್ತು. ಮಾಡಿದರೆ ನಾನು ಊಟ ಆಯಿತಾ ಅನ್ನುತ್ತೇನೆ, ನೀನು ಹೂಂ ಅನ್ನುತ್ತೀಯ, ಆಮೇಲೆ ಇಬ್ಬರೂ ಸುಮ್ಮನೆ ಕಿವಿಗೆ ಹಿಡಿದುಕೊಂಡು ಕೂರುತ್ತೇವೆ. ನೀನು ಹೋದ ಈ ಆರು ತಿಂಗಳಲ್ಲಿ ನಾಲ್ಕು ಸಲ ಹಾಗೆಯೇ ಆಗಿದೆ. ಅದಕ್ಕೇ ಈ ಕಾಗದ. ಅಂಗಡಿಯ ಕೆಲಸದ ವಿಷಯ, ಓದದೆ ಎತ್ತಿಡಬೇಡ.

ಗಣಿತದ ಮೇಷ್ಟ್ರು ನೆನಪಿರಬೇಕು. ದಪ್ಪಗಿನ ಮನುಷ್ಯ, ಹ್ಯಾಂಡಲ್ಲಿಗೆ ಛತ್ರಿ ಕಟ್ಟಿಕೊಂಡು ಬರುವವರು. ಅವರ ಸೈಕಲ್ಲಿನಲ್ಲಿ ಒಂದು ಸದ್ದು ಬರುತ್ತದಂತೆ. ಟಿಕ್ ಅಂತ ಒಂದು, ಸ್ವಲ್ಪ ಬಿಟ್ಟು ಇನ್ನೊಂದು. ಮಾರುಕಟ್ಟೆ ಹತ್ತಿರದ ಅಂಗಡಿಗೆ ಒಯ್ದರೆ, ಸೈಕಲ್ ಹಳೆಯದಾಯಿತು, ಹೊಸದು ತಗೊಳ್ಳಿ ಅಂದರಂತೆ. ಸೇತುವೆಯಾಚೆಯ ಅಂಗಡಿಯವನು ಎರಡು ಸುತ್ತು ಹೊಡೆದು ಬಂದು, ಸದ್ದು ಸೈಕಲ್ಲಿನಲ್ಲಿಲ್ಲ ಸಾರ್, ಒಮ್ಮೆ ಕಿವಿ ತೋರಿಸಿಕೊಳ್ಳಿ ಅಂದನಂತೆ. ಮೇಷ್ಟ್ರು ನಿಜವಾಗಿಯೂ ಹೋಗಿ ಕಿವಿ ತೋರಿಸಿಕೊಂಡಿದ್ದಾರೆ. ಕಿವಿ ಚೆನ್ನಾಗಿದೆ.

ಈಗ ನಮ್ಮಲ್ಲಿಗೆ ಬರುತ್ತಿದ್ದಾರೆ. ನಾನು ಇಳಿಜಾರಿನ ತುದಿಯವರೆಗೆ ಓಡಿಸಿ ನೋಡಿದೆ, ಏನೂ ಕೇಳಲಿಲ್ಲ. ಚೈನು, ಪೆಡಲು, ಚಕ್ರದ ಬೇರಿಂಗು ಎಲ್ಲ ಬಿಚ್ಚಿ ಒರೆಸಿ ಜೋಡಿಸಿದೆ. ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಮೆಟ್ಟಿಲ ಮೇಲೆ ಕೂತಿದ್ದರು. ನಿಮ್ಮ ತಮ್ಮ ಇದ್ದಿದ್ದರೆ ಕಂಡುಹಿಡಿಯುತ್ತಿದ್ದ ಅಂದರು. ಬೈದು ಹೇಳಿದ್ದಲ್ಲ, ಲೆಕ್ಕ ಬಿಡಿಸಿ ಉತ್ತರ ಹೇಳಿದ ಹಾಗೆ ಹೇಳಿದರು.

ಏನು ನೋಡಬೇಕು ಅಂತ ಬರೆ.

ಅಕ್ಕ

*

ಫೆಬ್ರವರಿ ೨೭

ಅಕ್ಕಾ,

ಕಾಗದ ಬಂತು.

ಸೈಕಲ್ಲನ್ನು ನೀನು ಓಡಿಸಬೇಡ. ನಿನ್ನ ತೂಕಕ್ಕೆ ಆ ಸದ್ದು ಬರುವುದಿಲ್ಲ. ಮೇಷ್ಟ್ರನ್ನೇ ಹತ್ತಿಸಿ ನೀನು ಪಕ್ಕದಲ್ಲಿ ಓಡು. ಮೊದಲು ಕೂತು ತುಳಿಯಲಿ, ಆಮೇಲೆ ಎದ್ದು ನಿಂತು ತುಳಿಯಲಿ. ಎದ್ದಾಗ ಸದ್ದು ನಿಂತರೆ ಸೀಟಿನ ಕೊಳವೆ ಒಣಗಿದೆ ಅಂತ ಅರ್ಥ. ಹೊರಗೆ ಎಳೆದು ಚೆನ್ನಾಗಿ ಒರೆಸಿ, ಗ್ರೀಸ್ ಸವರಿ ಕೂರಿಸು. ಎಷ್ಟು ಎತ್ತರಕ್ಕಿತ್ತೋ ಅಷ್ಟಕ್ಕೇ ಗುರುತು ಹಾಕಿಕೊಂಡು ಕೂರಿಸು, ಇಲ್ಲದಿದ್ದರೆ ಮೇಷ್ಟ್ರು ಮಂಡಿನೋವು ಅಂತ ಮತ್ತೆ ಬರುತ್ತಾರೆ.

ಇಲ್ಲಿ ಕೆಲಸ ನಡೆಯುತ್ತಿದೆ. ದೊಡ್ಡ ಶೋರೂಂ. ಮುಂದೆ ಗಾಜು, ಹಿಂದೆ ನಾವು ಐದು ಜನ. ಗಿರಾಕಿ ಮುಂದಿನ ಮೇಜಿನವರ ಹತ್ತಿರ ಮಾತಾಡುತ್ತಾನೆ. ಮೇಜಿನವರು ಒಂದು ಚೀಟಿ ಬರೆದು ಕಳಿಸುತ್ತಾರೆ. ನಾವು ಚೀಟಿಯಲ್ಲಿ ಇರುವುದನ್ನು ಮಾಡುತ್ತೇವೆ. ಆರು ತಿಂಗಳಲ್ಲಿ ಒಬ್ಬ ಗಿರಾಕಿಯ ಮುಖವನ್ನೂ ನಾನು ನೋಡಿಲ್ಲ. ಒಳ್ಳೆಯದೇ ಆಯಿತು.

ತಮ್ಮ

*

ಮಾರ್ಚ್ ೧೫

ತಮ್ಮಾ,

ಸೀಟೇ. ನೀನು ಹೇಳಿದ ಹಾಗೆ ಮೇಷ್ಟ್ರನ್ನು ಹತ್ತಿಸಿ ಪಕ್ಕದಲ್ಲಿ ಓಡಿದೆ. ರಸ್ತೆಯವರಿಗೆಲ್ಲ ಪುಕ್ಕಟೆ ತಮಾಷೆ. ಏಳಿ ಅಂದರೆ ಏಳುತ್ತಿದ್ದರು, ಕೂರಿ ಅಂದರೆ ಕೂರುತ್ತಿದ್ದರು, ಮೂವತ್ತು ವರ್ಷ ಮಕ್ಕಳಿಗೆ ಹೇಳಿದ್ದನ್ನು ಈಗ ತಾವೇ ಮಾಡಿದರು. ಕೊನೆಗೆ ನನಗೂ ಕೇಳಿಸಿತು. ಗ್ರೀಸ್ ಹಚ್ಚಿ ಕೊಟ್ಟೆ. ಹೋಗಿ ಬಂದು, ಸದ್ದು ಹೋಯಿತು ಅಂದರು. ಎರಡು ಅಂಗಡಿಯವರು ಇಲ್ಲ ಅಂದ ಮೇಲೆ ತನಗೇ ಅನುಮಾನ ಬಂದಿತ್ತು ಅಂದರು. ಸದ್ದು ಹೋದದ್ದಕ್ಕಿಂತ ಅದು ಇತ್ತು ಅನ್ನುವುದೇ ಅವರಿಗೆ ಹೆಚ್ಚು ಖುಷಿ ಅನ್ನಿಸಿತು ನನಗೆ.

ಇನ್ನೊಂದು ವಿಷಯ. ಬರೆಯಲೋ ಬೇಡವೋ ಅಂತ ಎರಡು ದಿನ ಈ ಕಾಗದವನ್ನು ಹಾಗೇ ಇಟ್ಟಿದ್ದೆ. ಬ್ರೆಡ್ ಮಾಡುವ ಮೇಡಂ ಮೊನ್ನೆ ನಮ್ಮ ಅಂಗಡಿ ಮುಂದೆ ಹೋದರು. ಹೋದ ಜೂನಿನಲ್ಲಿ ನಮ್ಮಲ್ಲಿ ರಿಪೇರಿ ಮಾಡಿಸಿಕೊಂಡ ಮರುದಿನವೇ ಮುಂದಿನ ಬ್ರೇಕು ಹಿಡಿಯದೆ ಬಿದ್ದು ಮಣಿಕಟ್ಟು ಮುರಿದುಕೊಂಡರಲ್ಲ, ಅವತ್ತಿನಿಂದ ಸೈಕಲ್ ಹತ್ತಿಲ್ಲವಂತೆ. ಬ್ರೆಡ್ಡಿನ ಟ್ರೇಗಳನ್ನು ತಳ್ಳುಗಾಡಿಯಲ್ಲಿಟ್ಟು ತಳ್ಳಿಕೊಂಡು ಮನೆಮನೆಗೆ ಹೋಗುತ್ತಾರೆ. ಹತ್ತೊಂಬತ್ತು ಮನೆ, ಒಂದು ಶಾಲೆ. ಇಳಿಜಾರಿನಲ್ಲಿ ಗಾಡಿ ಅವರನ್ನೇ ಎಳೆದುಕೊಂಡು ಹೋಗುತ್ತಿತ್ತು. ನಾನು ನಮಸ್ಕಾರ ಅಂದೆ. ಅವರೂ ಅಂದರು. ಅಷ್ಟೇ.

ಅಕ್ಕ

*

ಮೇ ೨

ಅಕ್ಕಾ,

ತಡವಾಯಿತು. ಬರೆಯಲು ಏನೂ ಇರಲಿಲ್ಲ. ಈಗ ಇದೆ.

ಹೋದ ತಿಂಗಳು ಒಬ್ಬ ನರ್ಸ್ ಬಂದಿದ್ದರು. ಅವರ ಸೈಕಲ್ಲಿನ ಎಡಗಡೆ ಪೆಡಲು ನಡುರಸ್ತೆಯಲ್ಲಿ ಕಳಚಿ ಬಿದ್ದಿತ್ತು. ವಾರದ ಹಿಂದೆ ಸರ್ವಿಸ್ ಮಾಡಿದ್ದು ನಮ್ಮ ಶೋರೂಂ. ಮೇಜಿನವರ ಹತ್ತಿರ ಒಂದು ಕಾರ್ಡ್ ಇರುತ್ತದೆ, ಯಾವ ದೂರಿಗೆ ಯಾವ ಮಾತು ಅಂತ ಅದರಲ್ಲಿ ಅಚ್ಚು ಹಾಕಿಸಿದ್ದಾರೆ. ಅದನ್ನು ನೋಡಿಕೊಂಡು, ನೀವು ಒರಟಾಗಿ ಓಡಿಸಿದ್ದೀರಿ ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಅದನ್ನು ಕಾರ್ಡಿನಲ್ಲೇ ಬರೆದಿಟ್ಟಿದ್ದಾರೆ.

ಸೈಕಲ್ ನನ್ನ ಕೈಗೆ ಬಂತು. ಎಡ ಪೆಡಲಿನ ತಿರುಪಿನ ಮರೆ ಉಲ್ಟಾ ಸುತ್ತಿರುತ್ತದೆ ಅಂತ ನಿನಗೆ ಗೊತ್ತು. ಯಾರೋ ಬಲಗಡೆಯದೆಂದು ತಿಳಿದು ಬಲವಂತವಾಗಿ ತಿರುಗಿಸಿದ್ದಾರೆ, ಒಳಗಿನ ಮರೆಯೆಲ್ಲ ಪುಡಿಯಾಗಿದೆ. ನಾನು ಚೀಟಿಯ ಹಿಂದೆ ‘ನಮ್ಮ ಕೆಲಸದ ತಪ್ಪು’ ಅಂತ ಬರೆದು, ಚೀಟಿಯನ್ನು ಮೇಜಿನವರಿಗೆ ಕೊಡದೆ, ನಾನೇ ಮುಂದೆ ಹೋಗಿ ನರ್ಸ್ ಕೈಗೆ ಕೊಟ್ಟೆ.

ಮ್ಯಾನೇಜರ್ ಕರೆದರು. ಕೂಗಾಡಲಿಲ್ಲ. ತಪ್ಪು ಮಾಡಿದ್ದು ನೀನಾ ಅಂತ ಕೇಳಿದರು. ಅಲ್ಲ ಅಂದೆ. "ಮತ್ತೆ ನಿನಗ್ಯಾಕಪ್ಪ?" ಅಂದರು. ಈಗ ನನ್ನನ್ನು ಹೊಸ ಸೈಕಲ್ಲುಗಳ ಡಬ್ಬ ಬಿಚ್ಚುವ ಕಡೆಗೆ ಹಾಕಿದ್ದಾರೆ. ದಿನಕ್ಕೆ ಹದಿನೈದು ಡಬ್ಬ. ಅಲ್ಲಿ ಮಾತಾಡಲು ಯಾರೂ ಇಲ್ಲ, ರಟ್ಟು ಮಾತ್ರ.

ತಮ್ಮ

*

ಮೇ ೨೦

ತಮ್ಮಾ,

ಇದಕ್ಕೆ ಮೊದಲು ಬರೆದ ಮೂರು ಹಾಳೆ ಹರಿದು ಹಾಕಿದೆ. ಒಂದರಲ್ಲಿ ಅಳು ಜಾಸ್ತಿಯಾಗಿತ್ತು. ಉಳಿದ ಎರಡರಲ್ಲಿ ಕಾರಣಗಳು ಜಾಸ್ತಿಯಾಗಿದ್ದವು. ಇದರಲ್ಲಿ ಆದದ್ದನ್ನು ಮಾತ್ರ ಬರೆಯುತ್ತೇನೆ.

ಹೋದ ಜೂನಿನಲ್ಲಿ ಬ್ರೆಡ್ ಮೇಡಂ ಸೈಕಲ್ಲಿಗೆ ಮುಂದಿನ ಬ್ರೇಕಿನ ಕೇಬಲ್ ಹೊಸದು ಹಾಕಿದ್ದು ನೀನು. ಹಾಕಿ, ಬಿಗಿ ಮಾಡಿ, ಎರಡು ಸಲ ಒತ್ತಿ ನೋಡಿ, ಬಾಗಿಲ ಹತ್ತಿರ ನಿಲ್ಲಿಸಿ ನೀನು ಊಟಕ್ಕೆ ಹೋದೆ. ಅವರು ತಗೊಂಡು ಹೋಗಲು ಬಂದರು. ಒತ್ತಿ ನೋಡಿ, ಸ್ವಲ್ಪ ಗಟ್ಟಿ ಅನ್ನಿಸುತ್ತೆ, ನನ್ನ ಕೈ ಚಿಕ್ಕದು ಅಂದರು. ನಾನು ಸ್ಪ್ಯಾನರ್ ತಗೊಂಡು ಕೇಬಲ್ ಹಿಡಿಯುವ ನಟ್ಟನ್ನು ಸಡಿಲ ಮಾಡಿ, ಕೇಬಲನ್ನು ಒಂದು ಕೂದಲೆಳೆಯಷ್ಟು ಬಿಟ್ಟು, ನಟ್ಟನ್ನು ಬೆರಳಿನಲ್ಲೇ ತಿರುಗಿಸಿದೆ. ಅಷ್ಟರಲ್ಲಿ ಒಬ್ಬರು ಪಂಕ್ಚರ್ ಸೈಕಲ್ ತಳ್ಳಿಕೊಂಡು ಬಂದು, ಬಸ್ಸು ಹೋಗುತ್ತೆ ಬೇಗ ನೋಡಿ ಅಂದರು. ನಾನು ಆ ಕಡೆ ತಿರುಗಿದೆ. ಮೇಡಂ ಒತ್ತಿ ನೋಡಿ, ಈಗ ಸರಿಯಾಯ್ತು ಅಂದು ಹೋದರು. ಸ್ಪ್ಯಾನರ್ ನನ್ನ ಕೈಯಲ್ಲೇ ಇತ್ತು.

ಎರಡು ದಿನ ಬಿಟ್ಟು ಅವರ ಯಜಮಾನರು ಸೈಕಲ್ ತಳ್ಳಿಕೊಂಡು ಬಂದು ಅಂಗಡಿ ಮುಂದೆ ನಿಂತು ಕೂಗಿದಾಗ, ಮುಂದಿನ ಬ್ರೇಕು ಅಂದ ಕೂಡಲೇ ನನಗೆ ಎಲ್ಲ ನೆನಪಾಯಿತು. ತಿಳಿಯದೆ ಹೇಳಿದೆ ಅಂತ ನೀನು ಅಂದುಕೊಂಡಿದ್ದರೆ ಹಾಗಲ್ಲ. ತಿಳಿದೇ ಹೇಳಿದೆ. "ಆ ಕೆಲಸ ಮಾಡಿದ್ದು ನನ್ನ ತಮ್ಮ, ಅವನೇ ಮರೆತಿರಬೇಕು" ಅಂತ ನಾನು ಹೇಳುವಾಗ ನೀನು ಪಕ್ಕದ ಕೋಣೆಯಲ್ಲಿ ಟ್ಯೂಬಿಗೆ ಗಾಳಿ ಹಾಕುತ್ತಿದ್ದೆ. ಪಂಪಿನ ಸದ್ದು ನಿಂತಿತು. ಆಮೇಲೆ ಮತ್ತೆ ಶುರುವಾಯಿತು.

ಅವರು ಹೋದ ಮೇಲೆ ನೀನು ಒಂದೇ ಮಾತು ಹೇಳಿದೆ, ನಾನು ಬಿಗಿ ಮಾಡಿದ್ದೆ ಅಂತ. ನಾನು ಹೋಗಲಿ ಬಿಡು ಅಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿ, ಎಮ್ಮೆಗೆ ಹೋಗಲಿ ಬಿಡು ಅಂದ ಹಾಗೆ.

ಅಪ್ಪ ಸತ್ತ ಮೇಲೆ, ಹೆಂಗಸು ಸೈಕಲ್ ಅಂಗಡಿ ಏನು ನಡೆಸುತ್ತಾಳೆ ಅಂತ ಎಷ್ಟು ಜನ ಅಂದಿದ್ದರು ನಿನಗೆ ಗೊತ್ತು. ಕಾರಣ ಬರೆಯುವುದಿಲ್ಲ ಅಂದೆ, ಬರೆದುಬಿಟ್ಟೆ. ಇದನ್ನು ಹೊಡೆದುಹಾಕಿದರೆ ಮತ್ತೆ ಇಡೀ ಕಾಗದ ಬರೆಯಬೇಕು. ಇರಲಿ.

ನಿನ್ನ ಮ್ಯಾನೇಜರ್ ಕೇಳಿದ ಪ್ರಶ್ನೆ ಓದಿದ ಮೇಲೆ ನನಗೆ ಅಂಗಡಿಯಲ್ಲಿ ಕೂರಲು ಆಗಲಿಲ್ಲ.

ಅಕ್ಕ

*

ಜೂನ್ ೩೦

ತಮ್ಮಾ,

ಆರು ವಾರವಾಯಿತು, ನಿನ್ನಿಂದ ಉತ್ತರವಿಲ್ಲ. ಉತ್ತರ ಬರೆ ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ನಿನ್ನ ಹತ್ತಿರ ಒಪ್ಪಿಕೊಂಡದ್ದಾಯಿತು, ಕೈ ಮುರಿದುಕೊಂಡವರಿಗೆ ಹೇಳಿಲ್ಲವಲ್ಲ ಅನ್ನಿಸಿ, ನಿನ್ನೆ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿಕೊಂಡು ಮೇಡಂ ಮನೆಗೆ ಹೋಗಿದ್ದೆ.

ಹಿಂದಿನ ಗಲ್ಲಿಯಲ್ಲಿ ಮನೆ. ಮುಂದಿನ ಕೋಣೆಯೇ ಅಡುಗೆಕೋಣೆ, ಅದೇ ಬ್ರೆಡ್ ಸುಡುವ ಜಾಗ. ಮೇಜಿನ ಮೇಲೆಲ್ಲ ಹಿಟ್ಟು. ಕೂರಿ ಅಂದರು, ನಾನು ಕೂರಲಿಲ್ಲ. ನಿನಗೆ ಬರೆದದ್ದನ್ನು ಅದೇ ಕ್ರಮದಲ್ಲಿ ಹೇಳಿದೆ. ಅವರು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. ಎಡಗೈಯಲ್ಲೇ ಹೆಚ್ಚು ಒತ್ತುತ್ತಾರೆ, ಬಲ ಮಣಿಕಟ್ಟು ಈಗಲೂ ಪೂರ್ತಿ ಬಾಗುವುದಿಲ್ಲ. ಹೇಳಿ ಮುಗಿಸಿದ ಮೇಲೆ ಹಿಟ್ಟಿನ ಮೇಲೆ ಬಟ್ಟೆ ಮುಚ್ಚಿ, ಕೈ ಒರೆಸಿಕೊಂಡು ಕೇಳಿದರು:

"ಹಾಗಾದ್ರೆ ನಿಮ್ಮ ತಮ್ಮ ಯಾಕೆ ಆರು ವಾರ ನಮ್ಮನೆ ಬ್ರೆಡ್ ಹಂಚಿದ್ರು?"

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಕೈಗೆ ಪ್ಲಾಸ್ಟರ್ ಹಾಕಿದ ನಾಲ್ಕನೇ ದಿನ ಬೆಳಿಗ್ಗೆ ಐದು ಗಂಟೆಗೆ ನೀನು ಬಾಗಿಲು ತಟ್ಟಿದೆಯಂತೆ. ಅವರ ಯಜಮಾನರು ಬೆಳಗಿನ ಪಾಳಿಗೆ ಹೋಗಿಯಾಗಿತ್ತು. ಅವತ್ತಿನಿಂದ ಪ್ಲಾಸ್ಟರ್ ಬಿಚ್ಚುವವರೆಗೆ ದಿನಾ ಬಂದು, ಹಿಟ್ಟು ನಾದಿ ಕೊಟ್ಟು, ಟ್ರೇಗಳನ್ನು ನಿನ್ನ ಸೈಕಲ್ಲಿಗೆ ಕಟ್ಟಿಕೊಂಡು ಹತ್ತೊಂಬತ್ತು ಮನೆಗೂ ಶಾಲೆಗೂ ಕೊಟ್ಟು ಬಂದೆಯಂತೆ. ಮರೆತದ್ದು ನೀವೇನಾ ಅಂತ ಅವರು ಒಂದು ದಿನ ಕೇಳಿದ್ದಕ್ಕೆ, ಅಂಗಡಿಯಿಂದ ತಪ್ಪಾಗಿದೆ ಅಂದೆಯಂತೆ.

ಆಗ ನೀನು ಬೆಳಿಗ್ಗೆ ಬೇಗ ಎದ್ದು ಹೋಗಿ ಎಂಟು ಗಂಟೆಗೆ ಸರಿಯಾಗಿ ಅಂಗಡಿಗೆ ಬರುತ್ತಿದ್ದೆ. ನನ್ನ ಮುಖ ನೋಡಲು ಇಷ್ಟವಿಲ್ಲದೆ ಎಲ್ಲೋ ಸುತ್ತುತ್ತಾನೆ ಅಂದುಕೊಂಡಿದ್ದೆ. ಅಂಗಿಯ ತೋಳಿನ ಮೇಲಿನ ಹಿಟ್ಟನ್ನು ನಾನು ಒಂದೆರಡು ಸಲ ನೋಡಿದ್ದೇನೆ. ಕೇಳಲಿಲ್ಲ.

ಮೇಡಂ ನನಗೆ ಕ್ಷಮೆ ಗಿಮೆ ಅಂತ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಹಿತ್ತಿಲಿಗೆ ಕರೆದುಕೊಂಡು ಹೋಗಿ ಸೈಕಲ್ ತೋರಿಸಿದರು. ಗೋಣಿಚೀಲ ಹೊದಿಸಿಟ್ಟಿದ್ದಾರೆ. ಟೈರು ಎರಡೂ ಇಳಿದು ಹೋಗಿದೆ, ಚೈನು ತುಕ್ಕು. ರಿಪೇರಿ ಮಾಡಿಕೊಡುತ್ತೇನೆ ಅಂದೆ. "ಅಂಗಡಿಗೆ ತಗೊಂಡು ಹೋಗೋದು ಬೇಡ. ಇಲ್ಲೇ ಮಾಡಿ. ನಾನು ನೋಡ್ತಾ ನಿಂತಿರ್ತೀನಿ" ಅಂದರು.

ಅಕ್ಕ

*

ಜುಲೈ ೨೧

ಅಕ್ಕಾ,

ಎರಡು ಕಾಗದಕ್ಕೂ ಸೇರಿಸಿ ಬರೆಯುತ್ತಿದ್ದೇನೆ.

ನನ್ನನ್ನು ದೊಡ್ಡ ಮನುಷ್ಯನನ್ನಾಗಿ ಮಾಡಬೇಡ. ಆವತ್ತು ಬೆಳಿಗ್ಗೆ ನಾನು ಮೇಡಂ ಮನೆಗೆ ಹೋದದ್ದು, ಮರೆತವನು ನಾನಲ್ಲ ಅಂತ ಹೇಳಿ ಬರಲು. ಯಜಮಾನರು ಸೈಕಲ್ ತಂದಿದ್ದ ದಿನವೇ ನಾನು ಕೋಣೆಯಿಂದ ಹೊರಗೆ ಬಂದು ಕೇಬಲ್ ನೋಡಿದ್ದೆ. ನಟ್ಟು ಕಚ್ಚಿದ ಗುರುತು ಎರಡಿದ್ದವು. ಒಂದು ಆಳ, ಅದು ನನ್ನದು. ಅದರ ಪಕ್ಕದಲ್ಲಿ ಇನ್ನೊಂದು, ಬರೀ ತರಚಿದ ಹಾಗೆ. ಎರಡನೆಯದು ಯಾರ ಕೈಯದು ಅಂತ ಹುಡುಕಲು ನಮ್ಮ ಅಂಗಡಿಯಲ್ಲಿ ಮೂರನೆಯವರು ಇರಲಿಲ್ಲ. ಹೇಳಬೇಕಾದ ಮಾತನ್ನೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ. ನಿನ್ನ ಹೆಸರು ಹೇಳಬೇಕು ಅಂತಲೇ ಹೋಗಿದ್ದೆ.

ಬಾಗಿಲು ತೆಗೆದರು. ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗೆ ಆನಿಸಿಕೊಂಡು, ಇನ್ನೊಂದು ಕೈಯಲ್ಲಿ ಬಿಸಿ ಟ್ರೇ ಹಿಡಿದಿದ್ದರು. ಬೀಳುವ ಹಾಗಿತ್ತು. ನಾನು ಹಿಡಿದುಕೊಂಡೆ. ಎಲ್ಲಿಡಲಿ ಅಂದೆ, ಅಲ್ಲಿ ಅಂದರು. ಒಲೆಯಲ್ಲಿ ಇನ್ನೂ ಮೂರು ಟ್ರೇ ಇದ್ದವು. ಅವನ್ನೂ ತೆಗೆದೆ. ಅಷ್ಟು ಹೊತ್ತಿಗೆ ಮನೆಮನೆಗೆ ಕೊಡಲು ಹೊರಡುವ ಹೊತ್ತಾಗಿತ್ತು. ಜೋಡಿಸಿಕೊಂಡ ಮಾತು ಆವತ್ತು ಉಳಿಯಿತು, ನಾಳೆ ಹೇಳೋಣ ಅಂದುಕೊಂಡೆ. ಮರುದಿನವೂ ಹಾಗೇ ಆಯಿತು. ಎರಡನೇ ವಾರದ ಹೊತ್ತಿಗೆ ಹೇಳುವ ಆಸೆಯೇ ಹೋಯಿತು. ಬನ್ನು ಕೊಟ್ಟ ಮನೆಯವರು ನಾಳೆ ಎರಡು ಜಾಸ್ತಿ ತನ್ನಿ ಅನ್ನುತ್ತಿದ್ದರು. ಅದೇ ಚೆನ್ನಾಗಿತ್ತು.

ಮನೆ ಬಿಟ್ಟದ್ದು ನೀನು ಆ ಮಾತು ಹೇಳಿದ್ದಕ್ಕಲ್ಲ. ಕೂಗಾಡುವವರ ಮುಂದೆ ಯಾರ ಬಾಯಿಂದಲೂ ಏನಾದರೂ ಬಂದುಬಿಡುತ್ತದೆ. ಆಮೇಲೆ ನೀನಾಗಿಯೇ ನಿಜ ಹೇಳುತ್ತೀಯ ಅಂತ ಎರಡು ತಿಂಗಳು ಕಾದೆ. ಪ್ರತಿದಿನ ಸಂಜೆ ಬಡಿಸುವಾಗ ನೀನು ಇನ್ನೂ ಸ್ವಲ್ಪ ಹಾಕಲಾ ಅಂತ ಕೇಳುತ್ತಿದ್ದೆ. ಅಂಗಿ ಒಗೆಯಲು ಹಾಕಿದೆಯಾ ಅಂತ ಕೇಳುತ್ತಿದ್ದೆ. ಒಂದನ್ನು ಬಿಟ್ಟು ಎಲ್ಲ ಕೇಳುತ್ತಿದ್ದೆ. ಅದನ್ನು ತಡೆದುಕೊಳ್ಳಲು ಆಗಲಿಲ್ಲ.

ನಿನ್ನ ಮೇ ತಿಂಗಳ ಕಾಗದವನ್ನು ನಾನು ಡಬ್ಬ ಬಿಚ್ಚುವ ಕಡೆ ಕೂತು ಓದಿದೆ. ಸಿಟ್ಟು ಬಂತು. ಸಮಾಧಾನ ಆಗುತ್ತದೆ ಅಂದುಕೊಂಡಿದ್ದೆ, ಸಿಟ್ಟೇ ಬಂತು. ಹನ್ನೊಂದು ತಿಂಗಳು ಇಷ್ಟನ್ನು ಇಟ್ಟುಕೊಂಡಿದ್ದಳಲ್ಲ ಅಂತ. ಅದಕ್ಕೇ ಬರೆಯಲಿಲ್ಲ. ಈಗ ಅಷ್ಟಿಲ್ಲ. ಪೂರ್ತಿ ಹೋಗಿದೆ ಅಂತ ಹೇಳುವುದಿಲ್ಲ.

ಶೋರೂಂ ಬಿಟ್ಟೆ. ಅವರು ಕಳಿಸಲಿಲ್ಲ, ನಾನೇ ಬಿಟ್ಟೆ. ಆಸ್ಪತ್ರೆ ಗೇಟಿನ ಎದುರು ಒಂದು ಚಿಕ್ಕ ಮಳಿಗೆ ಖಾಲಿಯಿತ್ತು, ನರ್ಸ್ ಹೇಳಿದರು. ಹಿಡಿದಿದ್ದೇನೆ. ಆಗಸ್ಟ್ ಮೊದಲ ವಾರ ಬಾಗಿಲು ತೆಗೆಯಬೇಕು. ಕೆಲಸಕ್ಕೆ ನನಗೆ ಹೆದರಿಕೆಯಿಲ್ಲ. ಆದರೆ ಒಳಗೆ ಬಂದವರಿಗೆ ಏನು ಹೇಳಬೇಕು ಅಂತ ನನಗೆ ಗೊತ್ತಾಗುವುದಿಲ್ಲ. ಯಾವುದು ಎಷ್ಟು ದಿನ ಹಿಡಿಯುತ್ತದೆ, ಯಾವುದು ಆಗುವುದಿಲ್ಲ, ನಗುತ್ತಾ ಹೇಳುವುದು ಹೇಗೆ, ಇದೆಲ್ಲ ಅಲ್ಲಿ ನೀನು ಮಾಡುತ್ತಿದ್ದೆ. ಮೊನ್ನೆ ಒಬ್ಬರು ಬಾಗಿಲಲ್ಲಿ ನಿಂತು, ಇಲ್ಲಿ ಪಂಕ್ಚರ್ ಹಾಕುತ್ತೀರಾ ಅಂತ ಕೇಳಿದರು. ನಾನು ಇನ್ನೂ ತೆಗೆದಿಲ್ಲ ಅಂದೆ. ಬೇರೆ ಏನಾದರೂ ಹೇಳಬಹುದಿತ್ತು ಅಂತ ಅವರು ಹೋದ ಮೇಲೆ ಹೊಳೆಯಿತು.

ಒಂದು ವಾರಕ್ಕೆ ಬರುತ್ತೀಯಾ?

ತಮ್ಮ

*

ಆಗಸ್ಟ್ ೩

ತಮ್ಮಾ,

ಬರುತ್ತೇನೆ. ಸೋಮವಾರದ ಮೊದಲ ಬಸ್ಸಿಗೆ, ಈ ಕಾಗದಕ್ಕಿಂತ ನಾನೇ ಮೊದಲು ತಲುಪಬಹುದು. ತಮ್ಮನ ಊರಿಗೆ ಹೋಗುತ್ತಿದ್ದೇನೆ, ಅಂಗಡಿ ಒಂದು ವಾರ ಇರುವುದಿಲ್ಲ ಅಂತ ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ. ನಿನ್ನ ಸಿಟ್ಟು ಎಷ್ಟು ಉಳಿದಿದೆಯೋ ಅಷ್ಟೂ ಇರಲಿ. ನಾನು ಅದನ್ನು ಕಡಿಮೆ ಮಾಡಿಸಲು ಬರುತ್ತಿಲ್ಲ, ಪಂಕ್ಚರ್ ಹಾಕುತ್ತೀರಾ ಅಂತ ಕೇಳಿದವರಿಗೆ ಹೂಂ ಅನ್ನಲು ಬರುತ್ತಿದ್ದೇನೆ.

ಮೇಡಂ ಸೈಕಲ್ ಮುಗಿಯಿತು. ನಾಲ್ಕು ಮಧ್ಯಾಹ್ನ ಹೋದೆ, ಅವರ ಹಿತ್ತಿಲಿನಲ್ಲೇ ಕೂತು ಮಾಡಿದೆ. ಅವರು ಹೇಳಿದ ಹಾಗೆಯೇ ಪಕ್ಕದಲ್ಲಿ ನಿಂತಿದ್ದರು. ಪ್ರತಿ ನಟ್ಟಿಗೂ ಇದು ಯಾಕೆ, ಇದು ಬಿಚ್ಚಿಹೋದರೆ ಏನಾಗುತ್ತೆ ಅಂತ ಕೇಳಿದರು. ಹೇಳಿದೆ. ಮುಂದಿನ ಬ್ರೇಕಿಗೆ ಬಂದಾಗ ಸ್ಪ್ಯಾನರನ್ನು ಅವರ ಕೈಗೇ ಕೊಟ್ಟೆ. ಎಡಗೈಯಲ್ಲಿ ಹಿಡಿದು ಬಿಗಿ ಮಾಡಿದರು, ಆಮೇಲೆ ನಾನೊಂದು ಸಲ ನೋಡಿದೆ. ಅರ್ಧ ಸುತ್ತು ಬಾಕಿಯಿತ್ತು. ಅದನ್ನೂ ಅವರ ಕೈಯಲ್ಲೇ ಹಾಕಿಸಿದೆ.

ಹತ್ತುವುದಕ್ಕೆ ಮಾತ್ರ ಒಪ್ಪಲಿಲ್ಲ. ನೀವು ಮೊದಲು ಹೋಗಿ ಅಂದರು. ಸರಿ ಅಂತ ಇಳಿಜಾರಿನ ತಲೆಗೆ ತಳ್ಳಿಕೊಂಡು ಹೋಗಿ, ಹಿಂದಿನ ಬ್ರೇಕು ಮುಟ್ಟದೆ ಇಳಿದೆ. ಅವರು ಬಿದ್ದ ಕಂಬದ ಹತ್ತಿರ ಒತ್ತಿದೆ, ನಿಂತಿತು. ಮೇಲಿನಿಂದ ನೋಡುತ್ತಿದ್ದರು. ಸೈಕಲ್ ಇಸಿದುಕೊಂಡು ತಳ್ಳಿಕೊಂಡೇ ಮನೆಗೆ ಹೋದರು. ಹೋದರೆ ಹೋಗಲಿ ಅಂದುಕೊಂಡೆ.

ಅದಾಗಿ ಐದು ದಿನ. ಇವತ್ತು ಬೆಳಿಗ್ಗೆ ನಾನು ಬಾಗಿಲು ತೆಗೆದು ಕಸ ಹೊಡೆಯುತ್ತಿದ್ದಾಗ ಸೈಕಲ್ ಮೇಲೆ ಬಂದರು. ಹಿಂದೆ ಟ್ರೇ ಕಟ್ಟಿದ್ದರು. ಅಂಗಡಿ ಮುಂದೆ ಬ್ರೇಕ್ ಹಾಕಿ, ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಇಳಿಯದೆಯೇ ಬನ್ನಿನ ಪೊಟ್ಟಣವನ್ನು ಚಾಚಿದರು. ಊರಿಗೆ ಹೋಗುತ್ತೀರಂತಲ್ಲ, ಚೀಟಿ ನೋಡಿದೆ, ಇದನ್ನು ನಿಮ್ಮ ತಮ್ಮನಿಗೆ ಕೊಡಿ ಅಂದರು. ಆರು ಬನ್ನು ಇವೆ. ಇನ್ನೂ ಬಿಸಿಯಾಗಿವೆ. ನೀನು ತಿನ್ನುವ ಹೊತ್ತಿಗೆ ಎರಡು ದಿನ ಹಳೆಯವಾಗುತ್ತವೆ, ಬಿಸಿ ಮಾಡಿಕೊಂಡರಾಯಿತು.

ನನಗೆ ಅಂತ ಕೊಡಲಿಲ್ಲ. ಅದು ಸರಿಯಾಗಿಯೇ ಇದೆ. ಆರನ್ನೂ ತರುತ್ತೇನೆ.

ಅಕ್ಕ